ಸುರಪುರದ ಜಾರುಗಂಬಕ್ಕೆ ಕ್ಯಾಮೆರಾ ಹತ್ತುವುದು ಯಾವಾಗ?

1996, ಅಟ್ಲಾಂಟಾ ಒಲಿಂಪಿಕ್ಸ್. ಹತ್ತು ಮೀಟರ್ ಎತ್ತರದ ಕಟ್ಟೆಯ ಅಂಚಿಗೆ ಕಾಲ್ಬೆರಳು ಊರಿ ನಿಂತ ಸ್ಪರ್ಧಿ ಗಾಳಿಗೆ ಜಿಗಿದಳು. ಅದೇ ಗಳಿಗೆಗೆ ಪಕ್ಕದಲ್ಲಿ ನಿಲ್ಲಿಸಿದ್ದ ಕೊಳವೆಯೊಳಗೆ ಒಂದು ಕ್ಯಾಮೆರಾವನ್ನೂ ಬೀಳಬಿಟ್ಟರು! ಅವಳು ಲಾಗ ಹಾಕುತ್ತ ಇಳಿದಳು, ಕ್ಯಾಮೆರಾ ಅವಳ ಸಮಸಮಕ್ಕೆ ಇಳಿಯಿತು. ಅವಳು ನೀರು ಸೀಳಿದಳು, ಕ್ಯಾಮೆರಾವೂ ನೀರಿನ ಮಟ್ಟ ದಾಟಿ ಕೆಳಗೆ ಹೋಯಿತು. ನೀರಿಗೆ ಬೀಳುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್! ಅಷ್ಟು ವೇಗದ ದೇಹವನ್ನು ಚೌಕಟ್ಟಿನ ನಟ್ಟನಡುವೆ ಅಲುಗದಂತೆ ಹಿಡಿದಿಟ್ಟದ್ದು ಯಾವ ಯಂತ್ರ? ಯಾವುದೂ ಇಲ್ಲ. ಬರೀ ಭೂಮಿಯ ಸೆಳೆತ. ಭಾರದ್ದೂ ಹಗುರದ್ದೂ ಒಂದೇ ವೇಗಕ್ಕೆ ಬೀಳುತ್ತವೆ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಪಾಠ! ಹಗ್ಗ, ರಾಟೆ, ಒಂದು ಹಳಿ, ಒಂದು ಗಾಜಿನ ಕಿಂಡಿ. ಗ್ಯಾರೆಟ್ ಬ್ರೌನ್ ಎಂಬ ಅಮೆರಿಕದ ಕ್ಯಾಮೆರಾಮನ್ನನ ತಲೆ ಅದು. ಓಡಿದರೂ ನಡುಗದ ಸ್ಟೆಡಿಕ್ಯಾಮ್ ಎಂಬ ಉಪಕರಣವನ್ನು ಎಪ್ಪತ್ತರ ದಶಕದಲ್ಲಿ ಕಂಡುಹಿಡಿದವನೂ ಅವನೇ.

ಈಗ ಇದನ್ನು ತಲೆಕೆಳಗು ಮಾಡಿ ನೋಡಿ. ಬೀಳುವವಳ ಜೊತೆ ಬೀಳುವುದು ಸುಲಭ, ಭೂಮಿಯೇ ಎಳೆದುಕೊಳ್ಳುತ್ತದೆ. ಏರುವವನ ಜೊತೆ ಏರಬೇಕಾದರೆ? ಅದೂ ಅವನು ಎರಡು ಮೊಳ ಏರಿ ಒಂದು ಮೊಳ ಜಾರುವವನಾದರೆ? ಯಾವಾಗ ಏರುತ್ತಾನೆ, ಯಾವಾಗ ಜಾರುತ್ತಾನೆ ಎಂಬುದು ಅವನಿಗೇ ಗೊತ್ತಿಲ್ಲದಿದ್ದರೆ?

ಹಾಗಾದರೆ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಬನ್ನಿ!

ಶ್ರಾವಣದಲ್ಲಿ, ಕೃಷ್ಣ ಜನ್ಮಾಷ್ಟಮಿಯ ಬೆನ್ನಿಗೆ, ಸುರಪುರದಲ್ಲಿ ವೇಣುಗೋಪಾಲಸ್ವಾಮಿ ಜಾತ್ರೆ. ಸಂಸ್ಥಾನದ ಅರಸರು ತಲೆಮಾರುಗಳಿಂದ ಆರಾಧಿಸಿಕೊಂಡು ಬಂದ ದೇವರು ಅದು. ಹಾಲೋಕುಳಿ ಎಂಬ ಕಂಬ ಹತ್ತುವ ಆಟದ ಹೊತ್ತಿಗೆ ಗುಡಿಯ ಮುಂದೆ ಎತ್ತರದ ಕಂಬಗಳು ಎದ್ದು ನಿಂತಿರುತ್ತವೆ. ಜಾರಲೆಂದೇ ಸಿದ್ಧಮಾಡಿದ ಕಂಬಗಳು. ಹತ್ತುವವರ ಮೇಲೆ ನೀರಿನ ಎರಚಾಟ ಬೇರೆ. ಒಬ್ಬ ಏರುತ್ತಾನೆ, ಅವನ ಹೆಗಲಿಗೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಮೇಲಿನವನು ಕಂಬ ತಬ್ಬಿ ತುಸು ಏರಿದನೆನ್ನುವಷ್ಟರಲ್ಲಿ ಸರ್ರನೆ ಕೆಳಗೆ! ಅವನ ಕೆಳಗಿದ್ದವರೂ ಕೆಳಗೆ! ಹೋ ಎಂಬ ಕೂಗು. ಮತ್ತೆ ಮೊದಲಿನಿಂದ. ನೋಡುವವರಿಗೆ ಊರೇ ಗ್ಯಾಲರಿ, ಮಾಳಿಗೆಗಳ ಮೇಲೆಲ್ಲ ಜನವೋ ಜನ.

ಜಗತ್ತಿನ ಕ್ರೀಡಾ ಸಾಕ್ಷ್ಯಚಿತ್ರಗಳನ್ನು ಹುಚ್ಚು ಹಿಡಿದಂತೆ ನೋಡಿಕೊಂಡು ಬಂದವನಿಗೆ ಈ ದೃಶ್ಯ ಕಂಡಾಗ ಏನಾಗುತ್ತದೆ ಹೇಳಿ? ನನಗಂತೂ ಉಸಿರೇ ನಿಂತಂತಾಯಿತು. ಇಷ್ಟು ನಾಟಕ, ಇಷ್ಟು ಸ್ನಾಯು, ಇಷ್ಟು ನಗು, ಇಷ್ಟು ಸೋಲು ಒಂದೇ ಕಂಬಕ್ಕೆ ಅಂಟಿಕೊಂಡಿರುವ ಆಟವನ್ನು ದೊಡ್ಡ ತೆರೆಯ ಮೇಲೆ ನಾನು ಎಲ್ಲೂ ನೋಡಿಲ್ಲವಲ್ಲ!

ಕಷ್ಟ ಗೊತ್ತಾಗುವುದು ಕ್ಯಾಮೆರಾ ಕಣ್ಣಿಗೆ ಹಚ್ಚಿದಾಗ. ಊರಿನ ಹಿರಿಯರು ಯಾರಾದರೂ ಪಕ್ಕದಲ್ಲಿ ನಿಂತಿದ್ದರೆ, ‘ಏನ್ ತಮ್ಮಾ, ಬುಡಕ್ ನಿಂತ್ ಹಿಡದ್ರ ಬರೇ ಅಂಗಾಲ ಕಾಣ್ತಾವ, ಮಾರಿ ಎಲ್ಲಿ ಕಾಣ್ತದ?’ ಅಂದಾರು. ಮಾತು ನೂರಕ್ಕೆ ನೂರು ಸರಿ. ಕೆಳಗಿನಿಂದ ತೆಗೆದರೆ ಅಂಗಾಲು, ಲಂಗೋಟಿ, ಆಕಾಶ. ಶ್ರಾವಣದ ಮೋಡದ ಬೆಳಕಿಗೆ ಎದುರಾಗಿ ಹಿಡಿದರೆ ಹುಡುಗ ಕರೀ ನೆರಳಾಗಿಬಿಡುತ್ತಾನೆ. ದೂರದ ಮಾಳಿಗೆಯಿಂದ ತೆಗೆದರೆ ಮುಖ ಸಿಕ್ಕೀತು, ಆದರೆ ಕಂಬವನ್ನು ಅಪ್ಪಿ ಹಿಡಿದವನ ಅರ್ಧ ಮುಖ ಕಂಬದ ಹಿಂದೆಯೇ ಇರುತ್ತದೆ. ಡ್ರೋನ್ ಹಾರಿಸೋಣವೇ? ಕಿಕ್ಕಿರಿದ ಜನರ ತಲೆಯ ಮೇಲೆ ಹಾರಿಸುವುದು ಅಪಾಯ, ನಿಯಮಕ್ಕೂ ವಿರುದ್ಧವಾದೀತು. ಅದರ ಗುಂಯ್‌ಗುಡುವಿಕೆಗೆ ಹತ್ತುವವನ ಗಮನ ಕೆಟ್ಟರೆ ಗತಿ ಏನು? ಇನ್ನು ನೀರು! ಲೆನ್ಸಿನ ಮೇಲೆ ಒಂದು ಹನಿ ಕೂತರೂ ಆ ಶಾಟ್ ಹೋದಂತೆ.

ಹುಡುಗ ಜಾರುವ ಆ ಗಳಿಗೆ ಎಷ್ಟು ಹೊತ್ತಿನದು? ಅರ್ಧ ಸೆಕೆಂಡ್ ಎಂದುಕೊಳ್ಳಿ. ಸಿನಿಮಾದ ಸಾಮಾನ್ಯ ಲೆಕ್ಕದಲ್ಲಿ ಸೆಕೆಂಡಿಗೆ 24 ಚಿತ್ರ. ಅಂದರೆ ಇಡೀ ಸೋಲು ಹನ್ನೆರಡೇ ಚಿತ್ರಗಳಲ್ಲಿ ಮುಗಿದುಹೋಯಿತು! ಅದೇ ಸೆಕೆಂಡಿಗೆ 240 ಚಿತ್ರ ಹಿಡಿದು 24ರ ಲೆಕ್ಕದಲ್ಲಿ ತೋರಿಸಿದರೆ ಅರ್ಧ ಸೆಕೆಂಡ್ ಐದು ಸೆಕೆಂಡ್ ಆಗುತ್ತದೆ. ಐದು ಸೆಕೆಂಡಿನಲ್ಲಿ ಏನೇನು ಕಂಡೀತು! ಹಿಡಿತ ಸಡಿಲುವ ಮೊದಲೇ ಕಣ್ಣಿಗೆ ಗೊತ್ತಾಗುವುದು, ಉಗುರು ಕಂಬವನ್ನು ಗೀರುವುದು, ಕೆಳಗಿನವನ ಹೆಗಲು ಮೇಲಿನ ಭಾರಕ್ಕೆ ಮುಂಚಿತವಾಗಿ ಬಿಗಿಯುವುದು. ಬರಿಗಣ್ಣಿಗೆ ಸಿಗದ ಇನ್ನೊಂದು ಹಾಲೋಕುಳಿಯೇ ಆ ಅರ್ಧ ಸೆಕೆಂಡಿನೊಳಗೆ ಅಡಗಿದೆ!

ಬರಿಗಣ್ಣಿಗೆ ಸಿಗದದ್ದನ್ನು ಹಿಡಿಯುವ ಹಟದಿಂದಲೇ ಈ ವೃತ್ತಿ ಹುಟ್ಟಿತು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೋ ಇಲ್ಲವೋ ಎಂಬ ಕುತೂಹಲಕ್ಕೆ ಉತ್ತರ ಸಿಕ್ಕದ್ದು 1878ರ ಜೂನ್‌ನಲ್ಲಿ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ಹಾದಿಯ ಪಕ್ಕಕ್ಕೆ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ದಾರಿಗಡ್ಡ ದಾರ ಕಟ್ಟಿ, ಕುದುರೆಯ ಕಾಲಿನಿಂದಲೇ ಅವನ್ನು ಕ್ಲಿಕ್ಕಿಸಿಬಿಟ್ಟ. ನಾಲ್ಕೂ ಕಾಲು ಗಾಳಿಯಲ್ಲಿ! ನಾಲ್ಕೇ ವರ್ಷಕ್ಕೆ, 1882ರಲ್ಲಿ, ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ ಹಾರುವ ಹಕ್ಕಿಗಳಿಗೆ ಗುರಿಯಿಟ್ಟ. ಟ್ರಿಗರ್ ಎಳೆದರೆ ಸೆಕೆಂಡಿಗೆ 12 ಚಿತ್ರ. ಗುರಿಕಾರಿಕೆಗೆ ಹೆಸರಾದ ಬೇಡರ ಈ ಸುರಪುರ ನಾಡಿನಲ್ಲಿ ಕೂತು ಈ ಸಂಗತಿ ಓದುವಾಗ ಮೈ ಜುಮ್ಮೆನ್ನುವುದಿಲ್ಲವೇ?

ಈ ನಾಡಿನ ಕಾಲಿಗೆ ಗುಡ್ಡ ಹತ್ತುವುದು ಹೊಸದಲ್ಲ. 1705ರಲ್ಲಿ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಲು ಮುಪ್ಪಿನ ಔರಂಗಜೇಬ್ ತಾನೇ ಬಂದ. ಅವನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಪಿಡ್ಡ ನಾಯಕನ ಬೇಡರ ಪಡೆ ಬಂಡೆ ಬಂಡೆಯ ಮರೆಯಿಂದ ಮೊಗಲರನ್ನು ವಾರಗಟ್ಟಲೆ ಸತಾಯಿಸಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯದ ಹೊತ್ತಿಗೂ ಇಂಗ್ಲಿಷರ ದಂಡು ಎದುರಿಸಿದ್ದು ಇದೇ ಗುಡ್ಡಗಳನ್ನು. ಆ ಹುಡುಗ ಅರಸನನ್ನು ಬೆಳೆಸಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಆತ್ಮಕಥೆ ಬರೆದ, ಚಿತ್ರವನ್ನೂ ಬಿಡಿಸುತ್ತಿದ್ದ. ಅವನ ಕೈಯಲ್ಲಿ ಸಿನಿಮಾ ಕ್ಯಾಮೆರಾ ಇದ್ದಿದ್ದರೆ! ಇರಲಿ, ಆಗದ ಮಾತು.

ಗುಡ್ಡಗಳ ಮಾತು ಬಂದಮೇಲೆ ಶಹಾಪುರದ ಕಡೆ ತಿರುಗಲೇಬೇಕು. ಕ್ಯಾಮೆರಾ ಹಿಡಿದವರಿಗೆ ಇಲ್ಲಿನ ಬೆಟ್ಟ ಒಂದು ಪಾಠಶಾಲೆ. ಬುದ್ಧ ಮಲಗಿದ ಬೆಟ್ಟ! ಹಣೆ, ಮೂಗು, ತುಟಿ, ಗದ್ದ, ಎದೆ, ಕೈಕಾಲು ನೀಡಿ ಆಕಾಶ ನೋಡುತ್ತ ಮಲಗಿದ ಬುದ್ಧ. ದಾರಿಯಲ್ಲಿ ಒಂದು ಕಡೆ ನಿಂತರೆ ಕಾಣುತ್ತಾನೆ, ಇಲ್ಲಿದ್ದಾನೆ ಅಂತ ಬೆರಳು ಮಾಡಿ ತೋರಿಸಬಹುದು. ಸ್ವಲ್ಪ ಮುಂದೆ ಹೋಗಿ ನೋಡಿ, ಮಾಯ! ಯಾಕೆಂದರೆ ಅದು ಒಂದು ಬೆಟ್ಟವೇ ಅಲ್ಲ, ಬೇರೆ ಬೇರೆ ನಾಲ್ಕು ಬೆಟ್ಟಗಳು. ಒಂದು ಹಿಂದೆ, ಒಂದು ಮುಂದೆ. ಒಂದು ನಿರ್ದಿಷ್ಟ ಜಾಗದಿಂದ ನೋಡಿದಾಗ ಮಾತ್ರ ಅವು ಒಂದರ ಅಂಚಿಗೆ ಒಂದು ಕೂಡಿ ಮೈಯಾಗುತ್ತವೆ. ಕ್ರೀಡೆಯ ಚಿತ್ರೀಕರಣದಲ್ಲಿ ಅರ್ಧಕ್ಕರ್ಧ ಕಸುಬು ಇಷ್ಟೇ, ಎಲ್ಲಿ ನಿಲ್ಲಬೇಕು ಎಂಬುದನ್ನು ಆಟ ಶುರುವಾಗುವ ಮೊದಲೇ ಕಂಡುಕೊಳ್ಳುವುದು. ಗೋಲು ಬಿದ್ದಮೇಲೆ, ಪೈಲ್ವಾನ ಬೆನ್ನು ಮಣ್ಣಿಗೆ ಹಚ್ಚಿದಮೇಲೆ ಓಡಿಬಂದರೆ ಬುದ್ಧ ಸಿಗುವುದಿಲ್ಲ, ನಾಲ್ಕು ಬೋಳು ಗುಡ್ಡ ಸಿಗುತ್ತವೆ.

ಈ ಗುಡ್ಡಗಳ ಕಲ್ಲು ಎಂಥದು ಗೊತ್ತೇ? ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು ಹಬ್ಬಿದ ಸೀಮೆಯಿದು. ಹಂಪಿಯ ಗುಂಡುಕಲ್ಲುಗಳೂ ಇದೇ ಬಳಗದವು. ಹಂಪಿ ಎಂದೊಡನೆ ಇನ್ನೊಂದು ಬೆರಗು. 2003ರಲ್ಲಿ ‘ಪಿಲ್‌ಗ್ರಿಮೇಜ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರ ಬಂತು. ಕ್ರಿಸ್ ಶರ್ಮಾ ಎಂಬ ಪ್ರಸಿದ್ಧ ಶಿಲಾರೋಹಿ ಗೆಳೆಯರೊಡನೆ ಹಂಪಿಗೆ ಬಂದು, ಹಗ್ಗವಿಲ್ಲದೆ, ಬೆರಳ ತುದಿಯಲ್ಲಿ ನಮ್ಮ ಬಂಡೆಗಳನ್ನು ಏರುವುದನ್ನು ಜೋಶ್ ಲೊವೆಲ್ ಚಿತ್ರಿಸಿದ. ನಮ್ಮವರು ಎತ್ತು ಕಟ್ಟಿ, ಬಟ್ಟೆ ಒಣಗಿಸಿ ಸುಮ್ಮನಿದ್ದ ಬಂಡೆಗಳು! ಆಮೇಲೆ ದೇಶ ದೇಶದ ಹುಡುಗರು ಬೆನ್ನಿಗೆ ಹಾಸಿಗೆಯಂಥ ಗಾದಿ ಕಟ್ಟಿಕೊಂಡು ತುಂಗಭದ್ರೆಯ ದಂಡೆಗೆ ಬಂದರು. ಅತ್ತ ಬಾದಾಮಿಯ ಕೆಂಪು ಮರಳುಗಲ್ಲಿಗೂ ಶಿಲಾರೋಹಿಗಳು ಮುಗಿಬಿದ್ದರು. ಶಹಾಪುರ, ಯಾದಗಿರಿಯ ಬಂಡೆಗಳ ಮುಂದೆ ಇನ್ನೂ ಯಾರೂ ಅಂಥ ಕ್ಯಾಮೆರಾ ನಿಲ್ಲಿಸಿದ್ದು ನಾನು ನೋಡಿಲ್ಲ. ಯಾದಗಿರಿ ಕೋಟೆಯ ಮೇಲೆ ನಿಂತು ಕೆಳಗೆ ಊರು, ಆಚೆ ಭೀಮಾ ನದಿ ನೋಡಿದವರು ಹೇಳಲಿ, ಇದಕ್ಕಿಂತ ಒಳ್ಳೆಯ ಹಿನ್ನೆಲೆ ಇನ್ನೆಲ್ಲಿದೆ?

ಶಿಲಾರೋಹಣದ ಚಿತ್ರೀಕರಣ ಎಂದರೆ ತಮಾಷೆಯಲ್ಲ. 2017ರ ಜೂನ್ 3ರಂದು ಅಲೆಕ್ಸ್ ಹೊನೊಲ್ಡ್ ಎಂಬಾತ ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಎಂಬ, ಸುಮಾರು 900 ಮೀಟರ್ ಎತ್ತರದ ಕಡಿದಾದ ಬಂಡೆಗೋಡೆಯನ್ನು ಹಗ್ಗವಿಲ್ಲದೆ, ನಾಲ್ಕು ಗಂಟೆಗೆ ನಾಲ್ಕು ನಿಮಿಷ ಕಡಿಮೆಯಲ್ಲಿ ಏರಿಬಿಟ್ಟ! ‘ಫ್ರೀ ಸೋಲೊ’ ಚಿತ್ರದ ಕ್ಯಾಮೆರಾಮನ್ನರು ಆ ಗೋಡೆಗೇ ಹಗ್ಗ ಹಾಕಿಕೊಂಡು ನೇತಾಡುತ್ತಿದ್ದರು. ಅವರೂ ಪಳಗಿದ ಶಿಲಾರೋಹಿಗಳೇ, ನಿರ್ದೇಶಕರಲ್ಲಿ ಒಬ್ಬನಾದ ಜಿಮ್ಮಿ ಚಿನ್ ಕೂಡ. ಅತಿ ಕಷ್ಟದ ಜಾಗದಲ್ಲಿ ಮನುಷ್ಯರೇ ಬೇಡ, ಹೊನೊಲ್ಡ್‌ನ ಗಮನ ಕದಡೀತು ಎಂದು ದೂರದಿಂದ ನಡೆಸುವ ಕ್ಯಾಮೆರಾ ಇಟ್ಟರು. ಕೆಳಗೆ ಉದ್ದ ಲೆನ್ಸು ಹಿಡಿದು ನಿಂತಿದ್ದ ಕ್ಯಾಮೆರಾಮನ್ ಮೈಕಿ ಶೇಫರ್ ನೋಡಲಾರದೆ ಮುಖ ಆಚೆ ತಿರುಗಿಸಿಕೊಂಡ, ಆ ಮುಖವೂ ಚಿತ್ರದಲ್ಲಿದೆ. ನನಗೆ ಇಡೀ ಚಿತ್ರದಲ್ಲಿ ಅತಿ ದೊಡ್ಡ ಗಳಿಗೆ ಅದೇ. ಗೆಳೆಯ ಸತ್ತರೆ ನನ್ನ ಚೌಕಟ್ಟಿನಲ್ಲೇ ಸಾಯುತ್ತಾನೆ ಎಂಬ ಭಯ ಹೊತ್ತು ಯಾರು ತಾನೇ ಫೋಕಸ್ ಹಿಡಿದಾರು? 2019ರಲ್ಲಿ ಆ ಚಿತ್ರಕ್ಕೆ ಆಸ್ಕರ್ ಬಂತು.

ಹಿಂದಕ್ಕೆ ಹೋದಂತೆ ಇದೇ ಕತೆ. 1953ರಲ್ಲಿ ಎವರೆಸ್ಟ್ ಏರಿದ ತಂಡದ ಚಿತ್ರ ತೆಗೆಯಲು ಟಾಮ್ ಸ್ಟೊಬಾರ್ಟ್ ಇದ್ದ. ಆದರೆ ತುಂಬ ಎತ್ತರದಲ್ಲಿ ಕ್ಯಾಮೆರಾ ತಿರುಗಿಸಿದವನು ಜಾರ್ಜ್ ಲೋ, ತಂಡದ ಪರ್ವತಾರೋಹಿ, ಹಿಲರಿಯ ಗೆಳೆಯ. ಅದೇ ವರ್ಷ ನಂಗಾ ಪರ್ಬತದ ಚಿತ್ರ ತೆಗೆದ ಹಾನ್ಸ್ ಎರ್ಟ್ಲ್ ಕೂಡ ಪರ್ವತಾರೋಹಿ. ಈ ಎರ್ಟ್ಲನೇ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ನೀರಿಗೆ ಜಿಗಿಯುವವರ ಬೆನ್ನಟ್ಟಿ ನೀರೊಳಗೂ ಇಳಿಯುವ ಕ್ಯಾಮೆರಾ ಹೊತ್ತವನು. ಲೆನಿ ರೀಫನ್‌ಸ್ಟಾಲ್‌ಳ ‘ಒಲಿಂಪಿಯಾ’ಕ್ಕಾಗಿ. ಆ ಚಿತ್ರದ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಅದು ಹಿಟ್ಲರನ ಆಡಳಿತದ ದುಡ್ಡಿನಲ್ಲಿ ಹುಟ್ಟಿ, ಆ ಆಡಳಿತಕ್ಕೆ ಮೆರುಗು ಕೊಟ್ಟ ಚಿತ್ರ. ದೇಹವನ್ನು ದೇವರ ಮೂರ್ತಿಯಂತೆ ತೋರಿಸುವ ಅದರ ಸೊಬಗಿನ ಹಿಂದೆ ವಿಷವಿತ್ತು. ಆದರೂ ಇಂದಿನ ಕ್ರೀಡಾ ಕ್ಯಾಮೆರಾದ ಎಷ್ಟೋ ವರಸೆಗಳು ಅಲ್ಲೇ ಹುಟ್ಟಿದವು ಎಂಬುದನ್ನೂ ಅಲ್ಲಗಳೆಯಲಾಗದು. ಮೈದಾನದಲ್ಲಿ ಜಿಗಿಯುವವರ ಪಕ್ಕ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕ್ಯಾಮೆರಾಮನ್‌ನನ್ನು ಇಳಿಸಿ, ದೇಹವನ್ನು ಬರೀ ಆಕಾಶದೆದುರು ಹಿಡಿದರು!

ಆ ಗುಂಡಿಯನ್ನು ನಾನು ಯಾದಗಿರಿ ಜಿಲ್ಲೆಯ ಜಾತ್ರೆಯ ಕುಸ್ತಿ ಕಣದ ಅಂಚಿಗೆ ತೋಡಬೇಕೆನ್ನುತ್ತೇನೆ. ಈ ಸೀಮೆಯ ಜಾತ್ರೆ ಎಂದರೆ ತೇರು ಎಳೆದು ಮುಗಿಯುವುದಿಲ್ಲ. ಜಂಗಿ ಪೈಲ್ವಾನರ ಕೈಕುಸ್ತಿ, ಗುಂಡು ಎತ್ತುವುದು, ಉಸುಕಿನ ಚೀಲ ಎತ್ತುವುದು, ಜೋಡೆತ್ತಿನಿಂದ ಭಾರದ ಕಲ್ಲು ಎಳೆಸುವುದು ಎಲ್ಲ ಇರಬೇಕು. ಕುಸ್ತಿ ತೆಂಗಿನಕಾಯಿಯ ಬಹುಮಾನದಿಂದ ಶುರು. ಮೊದಲು ಚಿಕ್ಕ ಹುಡುಗರು, ಕಾಯಿ ಗೆದ್ದು ಕಂಕುಳಲ್ಲಿಟ್ಟುಕೊಂಡು ಓಡುತ್ತಾರೆ. ಹೊತ್ತು ಇಳಿದಂತೆ ಜೋಡಿಗಳು ದಪ್ಪವಾಗುತ್ತ ಬರುತ್ತವೆ, ಹಲಗೆಯ ಬಡಿತ ಏರುತ್ತದೆ. ಕೊನೆಯ ಕುಸ್ತಿಗೆ ಬೆಳ್ಳಿ ಕಡಗ! ಗೆದ್ದವನ ತೋಳಿಗೆ ಅದು ಏರುವ ಹೊತ್ತಿಗೆ ಸೂರ್ಯ ಮುಳುಗುತ್ತಿರುತ್ತಾನೆ. ಸಿನಿಮಾದವರು ಕಾದು ಕೂತು ಹಿಡಿಯುವ ಆ ಹೊಂಬೆಳಕು ಇಲ್ಲಿ ಪುಕ್ಕಟೆ!

ಸುತ್ತ ಗೋಡೆಯಂತೆ ಜನ ನಿಂತ ಕಣದೊಳಗೆ ಬೆಳಕು ಸಾಲದಾದರೆ? ಅದಕ್ಕೂ ಕನ್ನಡಿಗರೊಬ್ಬರು ದಾರಿ ತೋರಿಸಿ ಹೋಗಿದ್ದಾರೆ. ಮೈಸೂರಿನ ವಿ.ಕೆ. ಮೂರ್ತಿ! 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಚಾವಣಿಯಿಂದ ಇಳಿಯುವ ಆ ಬೆಳಕಿನ ಕೋಲನ್ನು ನೆನೆಸಿಕೊಳ್ಳಿ. ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ಹಾಯಿಸಿ ಒಳಗೆ ತಂದದ್ದು ಅದು. ದುಬಾರಿ ದೀಪವಲ್ಲ, ಎರಡು ಕನ್ನಡಿ! ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು, 2008ನೇ ಸಾಲಿನದು. ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಯಾದಗಿರಿಯ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 43, 44 ಡಿಗ್ರಿ. ಆ ಬಿಸಿಲಿಗೆ ಎರಡು ಕನ್ನಡಿ ಹಿಡಿದರೆ ಕಣದ ಮೂಲೆ ಮೂಲೆ ಬೆಳಗೀತು.

ಬಿಸಿಲೇ ಶತ್ರುವೂ ಹೌದು. ಈಗಿನ ಡಿಜಿಟಲ್ ಕ್ಯಾಮೆರಾ ಕಾದು ಕಾದು ತಾನಾಗಿಯೇ ಬಂದ್ ಆಗಿಬಿಡುತ್ತದೆ. ಬ್ಯಾಟರಿ ಬೇಗ ಸುಸ್ತಾಗುತ್ತದೆ. ಬಿಳಿ ಬಟ್ಟೆ ಹೊದಿಸಿ, ಕೊಡೆ ಹಿಡಿದು, ಮಧ್ಯಾಹ್ನ ನೆರಳಿಗೆ ಮಲಗಿಸಿ ಮಗುವಿನಂತೆ ಸಾಕಬೇಕು. ಎರೆಮಣ್ಣಿನ ಧೂಳು ಒಳಹೊಕ್ಕರಂತೂ ಮುಗಿಯಿತು. ದೇಶ ದೇಶ ತಿರುಗುವ ಕ್ರೀಡಾ ಛಾಯಾಗ್ರಾಹಕರ ಬದುಕು ದೂರದಿಂದ ನೋಡಿದಷ್ಟು ಮೋಜಿನದಲ್ಲ. ಸಾಮಾನಿನ ಪೆಟ್ಟಿಗೆಗಳನ್ನು ಗಡಿ ದಾಟಿಸಲು ಕಾರ್ನೆ ಎಂಬ ಕಸ್ಟಮ್ಸ್ ಕಾಗದ, ಅದರಲ್ಲಿ ಒಂದೊಂದು ಲೆನ್ಸಿನ ನಂಬರೂ ಇರಬೇಕು. ರಾತ್ರಿ ಎಷ್ಟೇ ದಣಿದಿರಲಿ, ಅಂದಿನ ಕಾರ್ಡುಗಳನ್ನು ಎರಡು ಕಡೆ ನಕಲು ಮಾಡದೆ ಮಲಗುವಂತಿಲ್ಲ. ಸಿನಿಮಾದ ನಟನಿಗೆ ಇನ್ನೊಂದು ಟೇಕ್ ಕೇಳಬಹುದು, ಗೆದ್ದ ಪೈಲ್ವಾನನಿಗೆ ಮತ್ತೊಮ್ಮೆ ಗೆಲ್ಲಪ್ಪಾ ಅನ್ನಲಾಗುತ್ತದೆಯೇ?

ಸೋತವನನ್ನು ಮರೆಯದಿರುವುದು ಈ ಕಸುಬಿನ ದೊಡ್ಡತನ. ಅದನ್ನು ಕಲಿಸಿದ್ದು ಜಪಾನಿನ ಕೋನ್ ಇಚಿಕಾವಾ. 1964ರ ಒಲಿಂಪಿಕ್ಸ್ ಕುರಿತ ಅವನ ‘ಟೋಕಿಯೊ ಒಲಿಂಪಿಯಾಡ್’ 1965ರಲ್ಲಿ ಬಂತು. ಮ್ಯಾರಥಾನ್ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲನ ನಿಶ್ಚಲ ಮುಖವನ್ನು ಉದ್ದ ಲೆನ್ಸಿನಲ್ಲಿ ನಿಧಾನಗತಿಯಲ್ಲಿ ಹಿಡಿದ ಆ ಭಾಗ ನೋಡಿದವರು ಮರೆಯಲಾರರು. ಆದರೆ ಅದೇ ಚಿತ್ರ ಆಗಷ್ಟೇ ಸ್ವತಂತ್ರವಾಗಿದ್ದ ಚಾಡ್ ದೇಶದ, ಪದಕವಿಲ್ಲದೆ ಮರಳಿದ ಒಬ್ಬ ಓಟಗಾರನ ಹಿಂದೆಯೂ ಹೋಗುತ್ತದೆ. ಅವನು ಒಬ್ಬನೇ ಊಟ ಮಾಡುವುದನ್ನೂ ತೋರಿಸುತ್ತದೆ! ಚಿತ್ರ ಮಾಡಿಸಿದವರಿಗೆ ಇದು ಹಿಡಿಸಲಿಲ್ಲವಂತೆ, ಫಲಿತಾಂಶಗಳ ದಾಖಲೆ ಬೇಕಿತ್ತು ಅವರಿಗೆ. ಇಂದು ಉಳಿದಿರುವುದು ಆ ಊಟದ ತಟ್ಟೆ. ನಮ್ಮವರಿಗೆ ಅಂಥ ಕ್ಯಾಮೆರಾ ಸಿಗಲಿಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಆ ಓಟ ನಮ್ಮ ಎಷ್ಟು ಜನಕ್ಕೆ ಗೊತ್ತು?

ಕ್ಯಾಮೆರಾ ಇದ್ದರೆ ಏನಾದೀತು ಎಂಬುದಕ್ಕೆ ಕರಾವಳಿಯ ಸಾಕ್ಷಿ ಇದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದ ಕೆಸರುಗದ್ದೆಯಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿದ ಒಂದು ತುಣುಕು ಜಗತ್ತು ಸುತ್ತಿತು! ಉಸೇನ್ ಬೋಲ್ಟ್ ಜೊತೆ ಹೋಲಿಕೆ, ಕೇಂದ್ರ ಸಚಿವರ ಕರೆ, ಎಲ್ಲ ಆಯಿತು. ಆ ಹೋಲಿಕೆ ನನಗೆ ಅಷ್ಟು ಒಪ್ಪಿಗೆಯಿಲ್ಲ, ಕೋಣಗಳ ಎಳೆತವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ. ಶ್ರೀನಿವಾಸ ಗೌಡರೂ ಟ್ರ್ಯಾಕಿನ ಪರೀಕ್ಷೆಗೆ ಹೋಗಲಿಲ್ಲ. ಆದರೆ ಒಂದು ತುಣುಕಿಗೆ ಇಷ್ಟು ಶಕ್ತಿಯಿದ್ದರೆ, ಮನಸ್ಸಿಟ್ಟು ಮಾಡಿದ ಒಂದು ಸಾಕ್ಷ್ಯಚಿತ್ರಕ್ಕೆ?

ಇಷ್ಟೆಲ್ಲ ನೋಡಿದಮೇಲೆ ನನಗೊಂದು ಹೊಳೆಯಿತು, ಹೊಳೆದಾಗ ನಗುವೂ ಬಂತು. ಸುರಪುರದ ಕಂಬಕ್ಕೆ ಬೇಕಾದ ಉಪಕರಣ ಆಗಲೇ ನಮ್ಮ ಊರಲ್ಲಿದೆ, ಬಾವಿಯ ರಾಟೆ! ಜಾರುಗಂಬದಿಂದ ಒಂದಿಷ್ಟು ಅಂತರದಲ್ಲಿ ಇನ್ನೊಂದು ಒಣ ಕಂಬ. ತುದಿಯಲ್ಲಿ ರಾಟೆ, ಹಗ್ಗದ ಒಂದು ತುದಿಗೆ ಚಿಕ್ಕ ಕ್ಯಾಮೆರಾ, ಇನ್ನೊಂದು ತುದಿಗೆ ಅದರ ತೂಕದ್ದೇ ಉಸುಕಿನ ಚೀಲ. ತೂಕ ಸಮವಾದರೆ ಬೆರಳಲ್ಲಿ ಎಳೆದರೂ ಕ್ಯಾಮೆರಾ ಏರುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಟ್ಲಾಂಟಾದ ಹಗ್ಗ ರಾಟೆಯ ಬುದ್ಧಿಯೇ ಇದು, ದಿಕ್ಕು ಮಾತ್ರ ಬೇರೆ. ಕಂಬದ ಹಿಂದೆ ಅಡಗುವ ಅರ್ಧ ಮುಖಕ್ಕೆ ಎದುರು ಬದಿಯಲ್ಲಿ ಇಂಥದೇ ಇನ್ನೊಂದು.

ಆ ಹಗ್ಗ ಹಿಡಿಯುವವರು ಯಾರು? ಇಲ್ಲೇ ಇರುವುದು ಗುಟ್ಟು. ಹುಡುಗ ಯಾವ ಗಳಿಗೆಗೆ ಜಾರುತ್ತಾನೆ ಎಂದು ಅರ್ಧ ಸೆಕೆಂಡ್ ಮೊದಲೇ ಗೊತ್ತಾಗಬೇಕು, ಆಗಷ್ಟೇ ಕ್ಯಾಮೆರಾ ಅವನ ಜೊತೆಗೆ ಇಳಿದೀತು. ಹೊರಗಿನ ಎಂಥ ಪಳಗಿದ ಛಾಯಾಗ್ರಾಹಕನಿಗೂ ಅದು ತಿಳಿಯುವುದಿಲ್ಲ. ಆ ಕಂಬ ತಬ್ಬಿ, ಎದೆ ತರಚಿಕೊಂಡು, ಜಾರಿ ಬಿದ್ದವನಿಗೆ ತಿಳಿಯುತ್ತದೆ. ಎವರೆಸ್ಟಿನಲ್ಲಿ ಪರ್ವತಾರೋಹಿ, ಎಲ್ ಕ್ಯಾಪಿಟನ್‌ನಲ್ಲಿ ಶಿಲಾರೋಹಿ, ಸುರಪುರದಲ್ಲಿ ಕಂಬ ಹತ್ತಿದವನು! ಈ ಜಿಲ್ಲೆಯಿಂದ ಗುಳೆ ಹೋಗಿ ಬೆಂಗಳೂರು, ಪುಣೆ, ಮುಂಬೈಯ ಬಹುಮಹಡಿ ಕಟ್ಟಡಗಳ ಸಾರವೆ ಹತ್ತಿ ಇಳಿಯುವ ಹುಡುಗರು ಎಷ್ಟು ಮಂದಿ! ಎತ್ತರಕ್ಕೆ ಅಂಜದ ಕಾಲು, ಹಗ್ಗ ಬಲ್ಲ ಕೈ, ಜೇಬಿನಲ್ಲಿ ಮೊಬೈಲು. ಕ್ರೀಡಾ ಛಾಯಾಗ್ರಾಹಕನಿಗೆ ಬೇಕಾದ ಮುಕ್ಕಾಲು ಪಾಲು ಅವರ ಮೈಯಲ್ಲೇ ಇದೆ. ಉಳಿದ ಕಾಲು ಪಾಲನ್ನು ಕಲಿಸಬಹುದು.

ಕಲಿಸುವವರು ಕಲಿಸಲಿ. ಹೆಸರಘಟ್ಟದಲ್ಲಿ ಸರ್ಕಾರದ್ದೇ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಅಲ್ಲಿನ ಗುರುಗಳು ಒಂದು ಶ್ರಾವಣ ತಮ್ಮ ವಿದ್ಯಾರ್ಥಿಗಳನ್ನು ಸುರಪುರಕ್ಕೆ ಕರೆದುಕೊಂಡು ಬರಲಿ, ಊರಿನ ನಾಲ್ಕು ಹುಡುಗರನ್ನು ತಂಡಕ್ಕೆ ಸೇರಿಸಿಕೊಳ್ಳಲಿ. ಜಿಲ್ಲಾಡಳಿತ ಸಣ್ಣ ಮೊತ್ತವನ್ನಾದರೂ ತೆಗೆದಿಡಲಿ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಇಷ್ಟು ವರ್ಷಗಳಲ್ಲಿ ಬರ, ಗುಳೆ, ಬಿಸಿಲಿನ ಚಿತ್ರಗಳಲ್ಲೇ ಹೆಚ್ಚು ಕಂಡ ಜಿಲ್ಲೆ ಇದು, ಅದರ ಆಟವನ್ನೂ ನಾಡು ನೋಡಲಿ.

ನೀವೇ ಕ್ಯಾಮೆರಾ ಹಿಡಿಯುವವರಾದರೆ ಇಷ್ಟು ಮಾಡಿ. ಬೆಂಗಳೂರಿನಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಯಲ್ಲಿ ಇಳಿಯಿರಿ, ಬಸ್ಸಿನಲ್ಲಿ ಶಹಾಪುರದ ಮೇಲೆ ಸುರಪುರಕ್ಕೆ ಹೋಗಿ. ಜಾತ್ರೆಗೆ ನಾಲ್ಕು ದಿನ ಮೊದಲೇ ಹೋಗಿ, ಗುಡಿಯವರನ್ನೂ ಹಿರಿಯರನ್ನೂ ಕೇಳಿ, ಅವರು ಒಪ್ಪಿದರೆ ಮಾತ್ರ ಒಣ ಕಂಬ ನಿಲ್ಲಿಸಿ. ಚಿತ್ರ ಮುಗಿದಮೇಲೆ ಮೊದಲ ಪ್ರದರ್ಶನ ಯಾವ ದೇಶದ ಉತ್ಸವದಲ್ಲೂ ಬೇಡ, ಅದೇ ಗುಡಿಯ ಮುಂದೆ ಪರದೆ ಕಟ್ಟಿ ಕಂಬ ಹತ್ತಿದವರಿಗೇ ತೋರಿಸಿ.